ಬಲಸೊಂಟದ ಪಟ್ಟಿ

ನದಿಯ ದಂಡೆಯ ಮೇಲೊಂದು ತರಬೇತಿ ಶಿಬಿರವಿತ್ತು. ಸೈನ್ಯದ ವಿಶೇಷ ಪಡೆಗೆ ಸೇರಬೇಕೆಂದು ಬಂದವರನ್ನು ಅಲ್ಲಿ ಜರಡಿ ಹಿಡಿಯುತ್ತಿದ್ದರು. ಆ ಸಲ ತೊಂಬತ್ತು ಜನ ಬಂದಿದ್ದರು. ಮೂರು ತಿಂಗಳು ಕಳೆಯುವ ಹೊತ್ತಿಗೆ ಉಳಿದವರು ಹನ್ನೆರಡು.

ಸೈನ್ಯದಲ್ಲಿ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ಗದಗಿನ ಕಡೆಯ ಸುಬೇದಾರ್ ಫಕೀರಪ್ಪ ಹದಿನಾಲ್ಕು ವರ್ಷಗಳಿಂದ ಅಲ್ಲಿಯ ಉಸ್ತಾದ್. ಶಿಬಿರದ ಮಾತೆಲ್ಲ ಹಿಂದಿ. ಆದರೆ ಸಿಟ್ಟು ನೆತ್ತಿಗೇರಿದರೆ ಅವರಿಗೆ ಹಿಂದಿ ಮರೆತುಹೋಗುತ್ತಿತ್ತು.

ಆ ಸಲ ಮೂರು ತಿಂಗಳೂ ಅವರು ಕನ್ನಡದಲ್ಲೇ ಬೈದರು. ಅದಕ್ಕೆಲ್ಲ ಕಾರಣ ಒಬ್ಬನೇ, ಕೊಳ್ಳೇಗಾಲದ ಮಾದೇಶ.

ಹನ್ನೆರಡು ಜನರಲ್ಲಿ ಗುರಿಯೆಂದರೆ ಮಾದೇಶನದು. ಹಗ್ಗ ಹತ್ತುವುದಿರಲಿ, ಈಜುವುದಿರಲಿ, ಅವನನ್ನು ಹಿಂದೆ ಹಾಕುವವರಿರಲಿಲ್ಲ. ಎಡಚ. ಬುದ್ಧಿವಂತ. ಅವನ ಬುದ್ಧಿ ಒಂದು ಚೂರು ಕಡಿಮೆಯಿದ್ದಿದ್ದರೆ ಉಸ್ತಾದರ ರಕ್ತದೊತ್ತಡವೂ ಒಂದು ಚೂರು ಕಡಿಮೆಯಿರುತ್ತಿತ್ತು.

ಆ ಪಡೆಯವರು ಕೆಲಸಕ್ಕೆ ಹೋಗುವುದು ಜೋಡಿಯಾಗಿ. ಒಬ್ಬೊಬ್ಬನ ಮೈಮೇಲೂ ಮೂವತ್ತೈದು ಕಿಲೋ ಭಾರ. ರೈಫಲ್ಲು, ಗುಂಡು ತುಂಬಿದ ಏಳು ಮ್ಯಾಗಜಿನ್, ರೇಡಿಯೊ, ಕತ್ತಲಲ್ಲಿ ಕಾಣುವ ಕನ್ನಡಕ, ಹಗ್ಗ, ನೀರು, ಮೂರು ದಿನಕ್ಕಾಗುವಷ್ಟು ಶಕ್ಕರಪಾರೆ. ಇವೆಲ್ಲ ತುಸು ಹಿಂದೆ ಮುಂದೆ ಆದರೂ ನಡೆದೀತು.

ಒಂದು ಮಾತ್ರ ಜಾಗ ಬಿಟ್ಟು ಕದಲಕೂಡದು. ಅದು ಗಾಯಕ್ಕೆ ಕಟ್ಟುವ ಪಟ್ಟಿ. ಎಲ್ಲರದ್ದೂ ಬಲಸೊಂಟದ ಚೀಲದಲ್ಲೇ ಇರಬೇಕು.

ಯಾಕೆಂದರೆ ಒಬ್ಬನಿಗೆ ಗುಂಡು ತಗುಲಿದರೆ ಅವನ ಜೋಡಿ ಅವನದೇ ಸೊಂಟದ ಪಟ್ಟಿ ತೆಗೆದು ಅವನಿಗೆ ಕಟ್ಟಬೇಕು. ತನ್ನದನ್ನು ಮುಟ್ಟಕೂಡದು, ನಾಳೆ ತನಗೇ ತಗುಲಿದರೆ ಬೇಕಲ್ಲ. ಕತ್ತಲಿರಲಿ, ಕೆಸರಿರಲಿ, ಕೈ ನೇರ ಅಲ್ಲಿಗೇ ಹೋಗಬೇಕು.

ಇದನ್ನು ಉಸ್ತಾದರು ಮೊದಲ ದಿನವೇ ಹೇಳಿದ್ದರು. ಎಲ್ಲರೂ ಬಾಯಿಪಾಠ ಮಾಡಿದ್ದರು. ಮಾದೇಶನಂತೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಒಪ್ಪಿಸಿ, ಪಟ್ಟಿಯನ್ನು ಎಡಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದ.

"ಯಾಕಲೇ ಎಡಕ್ಕ ಇಟ್ಟಿ?"

"ನಾನು ಎಡಚ ಅಲ್ವಾ ಉಸ್ತಾದ್. ಇಲ್ಲಿದ್ರೆ ಬಿರ್ರನೆ ಕೈಗೆ ಸಿಕ್ತದೆ."

"ಬಲಕ್ಕ ಇಡು."

ಮಾದೇಶ ಬಲಕ್ಕೆ ಇಟ್ಟ. ಎರಡು ದಿನ ಅಲ್ಲಿಯೇ ಇತ್ತು. ಮೂರನೆಯ ದಿನ ಉಸ್ತಾದರು ಬಲದ ಚೀಲ ತೆರೆದರೆ ಒಳಗೆ ಕನ್ನಡಕದ ಬ್ಯಾಟರಿ ಕೂತಿತ್ತು.

"ಇದೇನಲೇ?"

"ಜಾಗ ಖಾಲಿ ಇತ್ತಲ್ಲ ಉಸ್ತಾದ್, ಸುಮ್ನೆ ಯಾಕೆ ಅಂತ."

ಬೆನ್ನಿಗೆ ಪಿಟ್ಟೂ ಚೀಲ ಹೊತ್ತು ನದಿಯವರೆಗೆ ಹತ್ತು ಸಲ ಓಡಲು ಹೇಳಿದರು. ಮಾದೇಶ ಓಡಿದ. ಹತ್ತನೆಯ ಸಲ ವಾಪಸು ಬಂದು, ಮೂಗಿನ ತುದಿಯ ಬೆವರು ಒರೆಸಿಕೊಂಡು, "ಇನ್ನೊಂದು ಹತ್ತು ಹೊಡೀಲಾ ಉಸ್ತಾದ್?" ಎಂದು ಕೇಳಿದ. ಅದು ಕೊಬ್ಬಿನ ಮಾತಾಗಿರಲಿಲ್ಲ, ನಿಜವಾಗಿಯೂ ಕೇಳಿದ್ದ. ಉಸ್ತಾದರಿಗೆ ಮೈ ಉರಿದದ್ದೂ ಅದಕ್ಕೇ.

ಇನ್ನೊಂದು ದಿನ ಅವನೇ ಗಡಿಯಾರ ಹಿಡಿದುಕೊಂಡು ಬಂದ.

"ನೋಡಿ ಉಸ್ತಾದ್. ಬಲದಿಂದ ತೆಗ್ಯಕ್ಕೆ ಏಳು ಸೆಕೆಂಡು. ಎಡದಿಂದ ನಾಕೇ. ಚೀಲ ಬಾಯಿ ಕೆಳಗೆ ಮಾಡಿ ಹೊಲ್ಕೊಂಡಿದ್ದೀನಿ, ಗುಂಡಿ ಬಿಚ್ಚಿದ್ರೆ ಪಟ್ಟಿ ಸೀದಾ ಅಂಗೈಗೇ ಬೀಳ್ತದೆ."

ತೆಗೆದು ತೋರಿಸಿದ. ನಾಲ್ಕೇ ಸೆಕೆಂಡು.

ಉಸ್ತಾದರು ಗಡಿಯಾರ ನೋಡಿದರು, ಅವನ ಮುಖ ನೋಡಿದರು, ನದಿಯ ಕಡೆ ನೋಡಿದರು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಪ್ಪು ಮಾತಾಡುವವನನ್ನು ತಿದ್ದಬಹುದು. ಸರಿಯಾದ ಮಾತಾಡುತ್ತಲೇ ತಪ್ಪು ಮಾಡುವವನನ್ನು ಏನು ಮಾಡುವುದು?

"ಜೋಡಿಗೆ ಇದನ್ನ ಹೇಳೀಯೇನಲೇ?"

"ಅವ್ನಿಗೆ ಯಾಕೆ ಉಸ್ತಾದ್? ಕಟ್ಕೊಳ್ಳೋನು ನಾನಲ್ವಾ?"

ಉಸ್ತಾದರು ಹಣೆ ಚಚ್ಚಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಅವರು ಬಹಳ ಕಂಡಿದ್ದರು. ಆದರೆ ಗಡಿಯಾರ ಹಿಡಿದು ಕಾಲು ಎಣಿಸಿ ತೋರಿಸುವವನು ಇವನೇ ಮೊದಲು.

ಅವನ ಜೋಡಿ ಬಂಟ್ವಾಳದ ಲೋಹಿತಾಕ್ಷ. ಮಾತು ಕಡಿಮೆ. ಹೇಳಿದ ಕೆಲಸ ಹೇಳಿದಂತೆ ಮಾಡುವವನು. ಮಾದೇಶನಿಗೆ ಅವನ ಮೇಲೆ ಪ್ರೀತಿಯಿತ್ತು, ಊಟದ ತಟ್ಟೆಯಲ್ಲಿ ಸಿಹಿ ಬಂದರೆ ಅರ್ಧ ಅವನಿಗೆ. ಆದರೆ ಅವನಿಂದ ತನಗೆ ಏನಾದರೂ ಬೇಕಾದೀತು ಎಂದು ಮಾತ್ರ ಒಂದು ದಿನವೂ ಅನ್ನಿಸಿರಲಿಲ್ಲ.

ಒಂದು ಸಂಜೆ ನದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಉಸ್ತಾದರು ಮಾದೇಶನನ್ನು ಹತ್ತಿರ ಕರೆದರು. ಅಂದು ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ.

"ಮಾದೇಶ, ಬೆನ್ನಿನ ನಟ್ಟನಡಕ ತುರಿಸಿದ್ರ ಏನ್ ಮಾಡ್ತಿ?"

ಮಾದೇಶ ಯೋಚಿಸಿದ. ಅವನು ಯಾವ ಪ್ರಶ್ನೆಗೂ ಯೋಚಿಸದೆ ಉತ್ತರ ಕೊಡುವವನಲ್ಲ.

"ಗ್ವಾಡೆಗೆ ಉಜ್ಕೊತೀನಿ ಉಸ್ತಾದ್."

ಉಸ್ತಾದರು ನೀರಿನಿಂದ ಕಾಲು ತೆಗೆದು, ಬೂಟು ಹಾಕಿಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ ಕರ್ನಲ್ ಸಾಹೇಬರು ಅವರ ಕೈಗೆ ಒಂದು ಕಾಗದ ಕೊಟ್ಟರು. ಮಾದೇಶನನ್ನು ಇಟ್ಟುಕೊಳ್ಳುವುದೋ, ಅವನ ಹಳೆಯ ಯೂನಿಟ್ಟಿಗೆ ವಾಪಸು ಕಳಿಸುವುದೋ, ಸಂಜೆಯೊಳಗೆ ಬರೆದು ಸಹಿ ಹಾಕಬೇಕು. ಒಮ್ಮೆ ವಾಪಸಾದವನು ಮತ್ತೆ ಅಲ್ಲಿಗೆ ಬರುವಂತಿರಲಿಲ್ಲ.

ಮಾದೇಶ ಈ ಪಡೆಯ ಟೋಪಿ ತೊಡಬೇಕೆಂದು ಆರು ವರ್ಷ ಕಾದಿದ್ದ. ಅದು ಉಸ್ತಾದರಿಗೆ ಗೊತ್ತಿತ್ತು. ಅಂಥ ಗುರಿಕಾರ ಇನ್ನು ಹತ್ತು ವರ್ಷ ಸಿಗಲಾರ ಎಂಬುದೂ ಗೊತ್ತಿತ್ತು. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಊಟವಾದ ಮೇಲೆ ಮಾದೇಶ, ಲೋಹಿತಾಕ್ಷ ಇಬ್ಬರನ್ನೂ ನದಿಯ ಮರಳಿಗೆ ಕರೆದರು. ಮೂವತ್ತೈದು ಕಿಲೋ ಹೊತ್ತುಕೊಂಡೇ ಬಂದರು.

ಉಸ್ತಾದರು ಮಾದೇಶನ ಎದೆಗೆ ಬೆರಳು ತಾಗಿಸಿದರು.

"ನಿನಗ ಗುಂಡು ಹತ್ತೇತಿ. ಎರಡೂ ಕೈ ಹೋಗ್ಯಾವ. ತೊಡಿ ಒಡದು ರಕ್ತ ಹರಿಯಾಕತ್ತೈತಿ. ಮಾತೂ ಬಿದ್ದೈತಿ. ಮಲಕೋ."

ಮಾದೇಶ ಮರಳಿನ ಮೇಲೆ ಮಲಗಿದ. ಉಸ್ತಾದರು ಅವನ ಎರಡೂ ಕೈ ಹಿಂದಕ್ಕೆ ಮಾಡಿ ಹಗ್ಗದಿಂದ ಕಟ್ಟಿದರು. ಲೋಹಿತಾಕ್ಷನ ಕಣ್ಣಿಗೆ ಬಟ್ಟೆ ಕಟ್ಟಿ, "ಇವತ್ತ ಅಮಾಸಿ," ಎಂದರು.

ಆಮೇಲೆ ಮಾದೇಶನ ನೀರಿನ ಬಾಟಲಿ ತೆಗೆದು, ಮುಚ್ಚಳ ಸಡಿಲ ಮಾಡಿ, ಅವನ ಎದೆಯ ಮೇಲೆ ಅಡ್ಡ ಹಿಡಿದರು. ನೀರು ಸಣ್ಣಗೆ ಹರಿಯತೊಡಗಿತು.

"ಇದು ಇವನ ರಕ್ತ. ಬಾಟ್ಲಿ ಖಾಲಿ ಆಗೂದರಾಗ ಪಟ್ಟಿ ಕಟ್ಟು."

ಲೋಹಿತಾಕ್ಷ ಮಂಡಿಯೂರಿದ. ಯೋಚಿಸುವ ಮೊದಲೇ ಅವನ ಕೈ ಮಾದೇಶನ ಬಲಸೊಂಟಕ್ಕೆ ಹೋಯಿತು. ಗುಂಡಿ ಬಿಚ್ಚಿತು. ಬ್ಯಾಟರಿ ಸಿಕ್ಕಿತು.

"ಎಂತ ಇದು?"

ಬ್ಯಾಟರಿ ಬಿಸಾಕಿ ಎದೆಯ ಜೇಬು ತಡವಿದ. ಪಿಟ್ಟೂ ಚೀಲದ ಮೇಲ್ಭಾಗ ತಡವಿದ. ಎಡಕ್ಕೂ ಬಂದ. ಬಾಯಿ ಕೆಳಗಾದ ಚೀಲದ ಮೇಲೆ ಅವನ ಅಂಗೈ ಎರಡು ಸಲ ಹಾದುಹೋಯಿತು. ಅದನ್ನೂ ಗುಂಡಿನ ಚೀಲವೆಂದುಕೊಂಡು ಬಿಟ್ಟ.

ಮಾದೇಶ ತುಟಿ ಕಚ್ಚಿದ. ಸೊಂಟ ಎತ್ತಿ ತೋರಿಸಲು ನೋಡಿದ.

"ಕದಲಬ್ಯಾಡ," ಎಂದರು ಉಸ್ತಾದರು. "ರಕ್ತ ಇಲ್ಲದಾಂವ ಸೊಂಟ ಕುಣಸಂಗಿಲ್ಲ."

"ಎಲ್ಲಿ ಉಂಟು ಮಾರಾಯ? ಎಲ್ಲಿ ಇಟ್ಟಿದ್ದಿ?" ಲೋಹಿತಾಕ್ಷ ಮತ್ತೆ ಬಲಕ್ಕೇ ತಡವಿದ. ಆಟವೆಂದು ಅವನಿಗೂ ಗೊತ್ತಿತ್ತು. ಅವನ ಕೈಗಳಿಗೆ ಗೊತ್ತಿರಲಿಲ್ಲ.

ಮುಕ್ಕಾಲು ಬಾಟಲಿ ಖಾಲಿಯಾಯಿತು. ಲೋಹಿತಾಕ್ಷ ಹುಡುಕುವುದನ್ನು ಬಿಟ್ಟ. ಆಮೇಲೆ ತನ್ನ ಬಲಸೊಂಟದ ಗುಂಡಿ ಬಿಚ್ಚಿ, ತನ್ನದೇ ಪಟ್ಟಿ ತೆಗೆದು, ಮಾದೇಶನ ತೊಡೆಗೆ ಬಿಗಿದು ಕಟ್ಟಿದ. ಬಾಟಲಿಯಲ್ಲಿ ಇನ್ನೂ ಎರಡು ಗುಟುಕು ನೀರಿತ್ತು.

"ಬದುಕ್ಬುಟ್ಟೆ!" ಎಂದ ಮಾದೇಶ. ಅವನ ಮುಖವೆಲ್ಲ ನಗು. "ನೋಡಿದ್ರಾ ಉಸ್ತಾದ್? ಎಡಕ್ಕಿದ್ರೂ ಏನೂ ಆಗ್ಲಿಲ್ಲ."

ಉಸ್ತಾದರು ಆಕಾಶ ನೋಡಿದರು. ಹದಿನಾಲ್ಕು ವರ್ಷದಲ್ಲಿ ಅವರು ಕಲ್ಲಿಗೆ ಕಲಿಸಿದ್ದರು, ಕೋಣಕ್ಕೆ ಕಲಿಸಿದ್ದರು. ಇದು ಎರಡೂ ಅಲ್ಲ.

"ಹೌದಪಾ. ನೀ ಬದುಕಿದಿ," ಎಂದರು. ಹಾಗೆನ್ನುತ್ತಲೇ ಲೋಹಿತಾಕ್ಷನ ಕಡೆ ತಿರುಗಿ ಅವನ ಕಣ್ಣಿನ ಬಟ್ಟೆ ಬಿಚ್ಚಿ, ಎದೆಗೆ ಬೆರಳು ತಾಗಿಸಿದರು.

"ಈಗ ನಿನಗ ಹತ್ತೇತಿ. ಮಲಕೋ. ಮಾತಿಲ್ಲ."

ಲೋಹಿತಾಕ್ಷ ಮಲಗಿದ. ಉಸ್ತಾದರು ಅವನ ಬಾಟಲಿ ತೆಗೆದು ಅವನ ಎದೆಯ ಮೇಲೆ ಅಡ್ಡ ಹಿಡಿದರು. ನೀರು ಅಂಗಿಯ ಮೇಲೆ ಹರಿಯಿತು.

ಮಾದೇಶ ಎದ್ದು ಕೂತ. "ಕೈ ಬಿಚ್ಚಿ ಉಸ್ತಾದ್."

"ಕೈ ಎಲ್ಲಿ ಅದಾವ ನಿನಗ?"

ಮಾದೇಶ ಮಂಡಿಯ ಮೇಲೆ ತೆವಳುತ್ತ ಹೋದ. ಬಾಗಿ, ಲೋಹಿತಾಕ್ಷನ ಬಲಸೊಂಟದ ಚೀಲದ ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಬಿಚ್ಚಿಕೊಂಡಿತು. ಮೂಗು ತೂರಿಸಿ ನೋಡಿದ.

ಚೀಲ ಖಾಲಿ ಇತ್ತು.

ತನ್ನ ತೊಡೆ ನೋಡಿಕೊಂಡ. ಲೋಹಿತಾಕ್ಷನ ಪಟ್ಟಿ ಅಲ್ಲಿತ್ತು, ಗಂಟು ಬಿಗಿಯಾಗಿತ್ತು. ಅದಕ್ಕೆ ಬಾಯಿ ಹಾಕಲು ಬಾಗಿದ. ಬೆನ್ನ ಮೇಲಿನ ಮೂವತ್ತೈದು ಕಿಲೋ ಅವನನ್ನು ಮೂತಿ ಅಡಿಯಾಗಿ ಮರಳಿಗೆ ಕೆಡವಿತು.

"ಉಸ್ತಾದ್, ನಂದು ಎಡಸೊಂಟದಲ್ಲಿ ಅದೆ. ಬಾಯಿ ಕೆಳಗಿರೋ ಚೀಲ. ತಗ್ದು ಅವ್ನಿಗೆ ಕಟ್ಟಿ!"

"ಇಲ್ಲಿ ಉಸ್ತಾದ್ ಇಲ್ಲ. ನೀವು ಇಬ್ಬರ ಅದೀರಿ."

"ಲೋಹಿತ! ನೀನೇ ತಕ್ಕೊಳ್ಳೋ, ಇಲ್ಲೇ ಅದೆ ನೋಡೋ!"

ಲೋಹಿತಾಕ್ಷ ಕದಲಲಿಲ್ಲ. ಅವನು ಹೇಳಿದ ಕೆಲಸ ಹೇಳಿದಂತೆ ಮಾಡುವವನು. ಕಣ್ಣು ತೆರೆದೇ ಮಲಗಿದ್ದ. ನೀರು ಅವನ ಎದೆ, ಹೊಟ್ಟೆ, ತೋಳು ನೆನೆಸಿ ಮರಳಿನಲ್ಲಿ ಇಂಗುತ್ತಿತ್ತು.

ಮಾದೇಶ ಮಗ್ಗುಲಾಗಿ, ಎಡಸೊಂಟವನ್ನು ಮರಳಿಗೆ ಉಜ್ಜಿದ. ಮತ್ತೆ ಉಜ್ಜಿದ. ಗುಂಡಿ ಬಿಚ್ಚಲಿಲ್ಲ. ಎಡಗೈಯ ಹೆಬ್ಬೆರಳಿಗೆಂದು ಹೊಲಿದ ಗುಂಡಿ ಅದು, ಬೇರೆ ಯಾವುದಕ್ಕೂ ಬಗ್ಗುವಂಥದ್ದಲ್ಲ. ಅವನು ಏದುತ್ತ, ಬಯ್ಯುತ್ತ, ಕೊನೆಗೆ ಅಳುತ್ತ ಉಜ್ಜಿದ. ಈ ಮೂರು ತಿಂಗಳಲ್ಲಿ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

ಬಾಟಲಿಯ ಕೊನೆಯ ಹನಿ ಬಿತ್ತು. ಉಸ್ತಾದರು ಅದನ್ನು ಎರಡು ಸಲ ಕೊಡವಿ ಕೆಳಗಿಟ್ಟರು.

"ಸತ್ತ," ಎಂದರು.

ಲೋಹಿತಾಕ್ಷ ಎದ್ದ. ಮಾದೇಶನ ಕಡೆ ನೋಡಲಿಲ್ಲ. ನೀರಿನ ಅಂಚಿಗೆ ಹೋಗಿ, ಬೆನ್ನು ಈ ಕಡೆ ಮಾಡಿ ಕೂತು, ಅಂಗಿ ಬಿಚ್ಚಿದ.

ಉಸ್ತಾದರು ಹಗ್ಗ ಬಿಚ್ಚಿದರು. ಮಾದೇಶನ ಮಣಿಕಟ್ಟು ಕೆಂಪಗಾಗಿತ್ತು. ಮೀಸೆಗೆ ಮರಳು ಮೆತ್ತಿತ್ತು. ಅವನು ಎದ್ದು ನಿಲ್ಲಲಿಲ್ಲ.

ಮಂಡಿಯೂರಿ ಉಸ್ತಾದರ ಕಡೆ ತಿರುಗಿದ.

"ತಪ್ಪಾಯ್ತು ಉಸ್ತಾದ್. ಕಾಗ್ದ ಬಂದದೆ ಅಂತ ಗೊತ್ತು ನಂಗೆ. ನನ್ನ ವಾಪಸ್ ಕಳಿಸ್ಬೇಡಿ. ನಿಮ್ ಕಾಲಿಗೆ ಬೀಳ್ತೀನಿ, ಇಟ್ಕೊಳ್ಳಿ."

ಅವನು ಕಾಲಿನ ಕಡೆ ಬಾಗಿದ. ಉಸ್ತಾದರು ಎರಡು ಹೆಜ್ಜೆ ಹಿಂದೆ ಸರಿದರು. ಮೂರು ತಿಂಗಳ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು. ಇಷ್ಟಾದ ಮೇಲೂ ಈ ಹುಡುಗ ತಪ್ಪು ಬಾಗಿಲನ್ನೇ ಬಡಿಯುತ್ತಿದ್ದಾನಲ್ಲ!

ಜೇಬಿನಿಂದ ಕಾಗದ ತೆಗೆದರು, ಪೆನ್ನು ತೆಗೆದರು. ಎರಡನ್ನೂ ಅವನ ಅಂಗೈಗೆ ತುರುಕಿದರು.

"ನನ್ನ ಯಾಕ ಕೇಳ್ತೀಯಲೇ? ಸತ್ತಾಂವ ಅಲ್ಲಿ ಕುಂತು ಅಂಗಿ ಹಿಂಡಾಕತ್ತಾನ. ಹೋಗಿ ಅವನ್ನ ಕೇಳು."