ಗುಡಿಗೆ ಕಟ್ಟಿದ ಲೆಕ್ಕ

ಶಿಷ್ಯೆ ಕೇಳಿದಳು: “ಅಮ್ಮಾ, ನಾನು ಕಲಿಸುವುದು ರಸಾಯನಶಾಸ್ತ್ರ. ಈ ವರ್ಷ ನಮ್ಮ ಕಾಲೇಜಿನಲ್ಲಿ ಎಲ್ಲ ವಿಭಾಗದವರೂ ಜಪಾನಿನ ಸಂಸ್ಕೃತಿಯನ್ನು ಪಾಠದೊಳಗೆ ತರಬೇಕಂತೆ. ಕಾಣದ ನಾಡನ್ನು ಹೇಗೆ ಕಲಿಸಲಿ?”

ಗುರುಮಾತೆ ಒಂದು ಕತೆ ಹೇಳಿದರು.

ಒಬ್ಬಳು ಗಣಿತದ ಅಧ್ಯಾಪಕಿ ಇಂಥದೇ ತರಬೇತಿಗೆ ಹೋದಳು. ಹತ್ತನೆಯ ದಿನ ಪ್ರತಿಯೊಬ್ಬರೂ ಒಂದು ಪಾಠ ಮಾಡಿ ತೋರಿಸಬೇಕು. ತರಬೇತಿ ಕೊಡುವ ಹಿರಿಯರು ಒಪ್ಪಿದರೆ ಸರಿ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಸಾಹಿತ್ಯದವರಿಗೆ ಕವಿತೆ ಸಿಕ್ಕಿತು. ಸಸ್ಯಶಾಸ್ತ್ರದವರಿಗೆ ಹೂ ಜೋಡಿಸುವ ಕಲೆ ಸಿಕ್ಕಿತು. ಅವಳ ಕೈ ಮಾತ್ರ ಬರಿದು.

“ಏನು ಮೇಡಂ, ಜಪಾನಿನಲ್ಲಿ ಎರಡೂ ಎರಡೂ ಐದೇನು?” ಎಂದು ಇತಿಹಾಸದ ಅಧ್ಯಾಪಕ ದಿನವೂ ಕೆಣಕುತ್ತಿದ್ದ.

ಎಂಟನೆಯ ದಿನ ಹಿರಿಯರು ಅವಳ ಮುಂದೆ ಒಂದು ಚಿತ್ರ ಇಟ್ಟರು. ಹಳೆಯ ಮರದ ಹಲಗೆ, ಅದರ ಮೇಲೊಂದು ತ್ರಿಕೋನ, ಅದರೊಳಗೆ ವೃತ್ತಗಳು, ಆ ವೃತ್ತಗಳ ಅಳತೆ ಕೇಳುವ ಒಂದು ಲೆಕ್ಕ.

“ಹಿಂದೆ ಅಲ್ಲಿ ಕಠಿಣ ಲೆಕ್ಕ ಬಿಡಿಸಿದವರು ಅದನ್ನು ಹೀಗೆ ಬರೆದು ಗುಡಿಗೆ ಕಟ್ಟುತ್ತಿದ್ದರು. ರೈತರೂ ಕಟ್ಟಿದ್ದಾರೆ, ವರ್ತಕರೂ ಕಟ್ಟಿದ್ದಾರೆ.”

“ಏನು ಬೇಡಿಕೊಂಡು?”

“ಬೇಡುವುದಕ್ಕಲ್ಲ ತಾಯಿ. ತಿಳಿಯಿತಲ್ಲ, ಆ ಸಂತೋಷಕ್ಕೆ.”

ಮೊದಲು ಲೆಕ್ಕ ಬಿಡಿಸೋಣ, ಆಮೇಲೆ ಪಾಠ ಬರೆಯೋಣ ಎಂದು ಅವಳು ಕುಳಿತಳು. ಲೆಕ್ಕ ಅವಳನ್ನು ಬಿಡಲಿಲ್ಲ. ಪಾಠದ ಹಾಳೆ ಖಾಲಿಯೇ ಉಳಿಯಿತು. ಹತ್ತನೆಯ ದಿನ, ಬೆಳಗಿನ ಇಡ್ಲಿ ತಟ್ಟೆಯಲ್ಲಿ ಆರುತ್ತಿರುವಾಗ, ಉತ್ತರ ಹೊಳೆಯಿತು. ಅಷ್ಟರಲ್ಲಿ ಅವಳ ಸರದಿಯೂ ಬಂತು.

ಅವಳು ನಗುತ್ತಲೇ ಒಳಗೆ ಹೋದಳು. ಕರಿಹಲಗೆಯ ಮೇಲೆ ಆ ಚಿತ್ರ ಬರೆದಳು. “ಈ ಲೆಕ್ಕ ಈಗ ತಾನೇ ಬಿಡಿಸಿದೆ. ಯಾರಿಗೆ ಕೈ ಮುಗಿಯಲಿ ಎಂದು ತಿಳಿಯುತ್ತಿಲ್ಲ. ನೀವೂ ನೋಡಿ” ಎಂದಷ್ಟೇ ಹೇಳಿದಳು.

ಒಬ್ಬರು ಎದ್ದು ಬಂದರು. ಆಮೇಲೆ ಎಲ್ಲರೂ ಬಂದರು. ಸೀಮೆಸುಣ್ಣಕ್ಕೆ ಕಿತ್ತಾಟವಾಯಿತು. ಊಟದ ಗಂಟೆ ಹೊಡೆದರೂ ಯಾರೂ ಕದಲಲಿಲ್ಲ. ಕೊನೆಗೆ ಬಿಡಿಸಿದವನು ಇತಿಹಾಸದ ಅಧ್ಯಾಪಕ. ಅವನ ಮೂಗಿನ ತುಂಬ ಸುಣ್ಣ. “ಬಂತು! ಬಂತು!” ಎಂದು ಕೂಗಿದವನು, ಯಾರೂ ಹೇಳದೆಯೇ ಹಲಗೆಗೆ ಕೈ ಮುಗಿದ. ಹಿರಿಯರು ಪಾಠವನ್ನು ಒಪ್ಪಿದರು.

ಕತೆ ಮುಗಿಯಿತು. ಶಿಷ್ಯೆ ಪುಸ್ತಕ ಬಿಚ್ಚಿ, ಪೆನ್ನು ಹಿಡಿದು ಕೇಳಿದಳು: “ಹಾಗಾದರೆ ಜಪಾನಿನ ವಿಷಯ ಆ ಅಧ್ಯಾಪಕಿ ಏನೂ ಹೇಳಲೇ ಇಲ್ಲವಲ್ಲ, ಅಮ್ಮಾ?”

ಗುರುಮಾತೆ ನಕ್ಕರು: “ಅದಿರಲಿ ಮಗಳೇ, ನಿನ್ನ ರಸಾಯನಶಾಸ್ತ್ರಕ್ಕೆ ನೀನು ಕೊನೆಯದಾಗಿ ಕೈ ಮುಗಿದದ್ದು ಯಾವಾಗ?”

ಶಿಷ್ಯೆ ಪೆನ್ನು ಮುಚ್ಚಿದಳು.