ಅಂಚಿನಲ್ಲಿ ಸವೆದ ಸೀಟು

ಧಾರವಾಡದಲ್ಲಿ ಯಶವಂತ ಜಿನಗಾರ ಎಂಬ ಸೀಟು ಹೊಲಿಯುವ ಕೆಲಸಗಾರನಿದ್ದ. ಅವನ ಅಜ್ಜ ಕುದುರೆಗಳಿಗೆ ಜೀನು ಹೊಲಿದಿದ್ದ. ಅಪ್ಪ ಟಾಂಗಾಗಳಿಗೆ ಮೆತ್ತೆ ಹೊಲಿದ. ಯಶವಂತ ಕಾರಿನ ಸೀಟುಗಳಿಗೆ ಬಂದು ನಿಂತ. ಚರ್ಮ ಅದೇ, ಸೂಜಿ ಅದೇ, ಸವಾರಿ ಮಾತ್ರ ಬೇರೆ.

ಆ ಮನೆಯಲ್ಲಿ ಅಜ್ಜನ ಕಾಲದ ಒಂದು ಪದ್ಧತಿ ಇತ್ತು. ಹೊಸ ಜೀನಿಗೆ ಚರ್ಮ ಕತ್ತರಿಸುವ ಮೊದಲು, ಹಳೆಯ ಜೀನನ್ನು ಮರದ ಕುದುರೆಯ ಮೇಲೆ ಇಟ್ಟು ಇಡೀ ಒಂದು ದಿನ ನೋಡಬೇಕು. ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ, ಯಾವ ಹೊಲಿಗೆ ಬಿಟ್ಟಿದೆ ಎಂದು ಗುರುತು ಮಾಡಿಕೊಳ್ಳಬೇಕು. "ನೀನು ಹೆಂಗ ಕೂಡ್ತಿ ಅಂತ ಸವಾರನ್ನ ಕೇಳಬ್ಯಾಡ ತಮ್ಮಾ, ಅವನಿಗೇ ಗೊತ್ತಿರೂದಿಲ್ಲ. ಜೀನು ನೋಡು" ಎಂದು ಅಜ್ಜ ಹೇಳುತ್ತಿದ್ದ. ಯಶವಂತ ಮೂವತ್ತು ವರ್ಷ ಈ ಪದ್ಧತಿ ಬಿಟ್ಟಿರಲಿಲ್ಲ. ಬಿಟ್ಟದ್ದು ಒಂದೇ ಒಂದು ಸಲ. ಈ ಕಥೆ ಆ ಸಲದ್ದು.

ಫೆಬ್ರುವರಿ ಎಂಟನೆಯ ತಾರೀಕು, ಬೆಳಿಗ್ಗೆ, ಅವನ ಅಂಗಡಿಯ ಮುಂದೆ ಬೆಳ್ಳಿ ಬಣ್ಣದ ಒಂದು ಕಾರು ಬಂದು ನಿಂತಿತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಪರದೇಶದಲ್ಲಿ ಶ್ರೀಮಂತರು ಓಡಿಸುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಅದರೊಳಗಿಂದ ಮಡಿಸಿದ ಕೊಡೆ ಬಿಚ್ಚಿಕೊಂಡ ಹಾಗೆ ಇಳಿದವರು ಕಣ್ಣಿನ ಡಾಕ್ಟರು, ಬಾಹುಬಲಿ ಚೌಗಲೆ. ಆರಡಿ ಒಂದಿಂಚು ಎತ್ತರ. ಅರ್ಧ ಊರಿನ ಕಣ್ಣಿನ ಪೊರೆ ತೆಗೆದವರು.

"ಜಿನಗಾರ, ಒಳಗಿಂದೆಲ್ಲಾ ಹೊಸಾದು ಆಗಬೇಕು ನೋಡಪಾ" ಎಂದರು ಡಾಕ್ಟರು. "ಸೀಟು, ಚರ್ಮ, ಮ್ಯಾಲಿನ ಛತ್ತು, ಕೆಳಗಿನ ಜಮಖಾನ. ಕ್ಯಾಸೆಟ್ಟಿನ ಡಬ್ಬಿ ತಗದು ಸ್ಕ್ರೀನ್ ಕೂಡಿಸು. ತಂಪು ಹವಾ ಬರೂ ಹಂಗ ಮಾಡು. ಫೋನ್ ಚಾರ್ಜ್ ಆಗಬೇಕು. ಆದ್ರ ನೋಡಿದವ್ರಿಗೆ ಹಳೇ ಕಾರಿನಂಗ ಕಾಣಬೇಕು."

"ಆತ್ರಿ ಸರ. ಎಂದಿಗೆ ಬೇಕು?"

"ಇಪ್ಪತ್ತಾರಕ್ಕ. ಅವತ್ತಿಗೆ ನಮ್ಮ ಲಗ್ನಾಗಿ ನಲವತ್ತು ವರ್ಷ. ಕುಸುಮಾವತಿನ್ನ ಕೂಡಿಸಿಕೊಂಡು ಕಾರವಾರಕ್ಕ ಹೋಗಬೇಕು. ಕಾರು ತಂದ ಮ್ಯಾಲೆ ಇಪ್ಪತ್ತೆಂಟು ವರ್ಷ ಜೋಡಿ ಬಂದಾಕಿ, ಈಗ ಆರು ವರ್ಷ ಆತು, ಇದರಾಗ ಕಾಲಿಟ್ಟಿಲ್ಲ. ಸೊಂಟ ನೋವು ಅಂತಾಳ, ನೀವು ಹೋಗಿ ಬರ್ರಿ ಅಂತಾಳ." ಡಾಕ್ಟರು ಕಾರಿನ ಮೈ ಸವರಿದರು. "ಈ ಸಲಾನೂ ಬರಲಿಲ್ಲ ಅಂದ್ರ, ಕೊಳ್ಳಾಕ ಕೇಳಾಕತ್ತಿರೋ ಕೊಲ್ಲಾಪುರದವ್ರಿಗೆ ಮಾರಿಬಿಡತೀನಿ. ಒಬ್ಬನ ಕೂತು ಅಡ್ಡ್ಯಾಡಾಕ ಇದೇನು ಟಪಾಲು ಗಾಡಿ ಏನು?"

"ಕುಸುಮಾವತಿಬಾಯಾರಿಗೆ ಹೆಂಗ ಬೇಕಂತ್ರಿ?"

"ಆಕಿನ್ನ ಏನು ಕೇಳೂದು? ಆಕಿಗೆ ಒಂದು ಮೋಡ ಕಂಡ್ರ ಸಾಕು!" ಡಾಕ್ಟರು ಪ್ರೀತಿಯಿಂದಲೇ ನಕ್ಕರು. "ಪ್ರತಿ ಪ್ರಯಾಣದ್ದೂ ನೋಟ್‌ಬುಕ್ಕಿನಾಗ ಬರದಿಟ್ಟಾಳ. ತಾರೀಕು, ಎಷ್ಟು ಮೈಲು, ಏನೇನು ನೋಡಿದೆ ಅಂತ. ಕಾಲೇಜಿನಾಗ ಕಲಿಸಿದ್ದು ಗಿಡಾ ಬಳ್ಳಿ, ಬುಕ್ಕಿನಾಗ ಬರಿಯೂದು ಬರೇ ಮೋಡ!"

ಯಶವಂತನೂ ನಕ್ಕ. ನಗುವ ಹೊತ್ತಿನಲ್ಲಿ ದಿನ ಎಣಿಸಿದ. ಹದಿನೆಂಟು ದಿನ. ಹಳೆಯ ಸೀಟನ್ನು ನೋಡುತ್ತ ಕೂರಲು ಒಂದು ದಿನ ಎಲ್ಲಿಂದ ತರುವುದು? ಹೇಗೂ ಎಲ್ಲ ಹೊಸದಾಗಬೇಕು. ಕಾರಿನ ಜತೆ ಬಂದಿದ್ದ ಅಳತೆಯ ಪುಸ್ತಕವೂ ಇದೆ. ಹಳೆಯ ಸೀಟು ಎರಡನ್ನೂ ಬಿಚ್ಚಿ ಹಿಂದಿನ ಕೋಣೆಗೆ ಹಾಕಿ ಬಾಗಿಲು ಎಳೆದ.

ಕೆಲಸ ಚೆನ್ನಾಗಿಯೇ ನಡೆಯಿತು. ಹುಣಸೆ ಬೀಜದ ಬಣ್ಣದ ಚರ್ಮ ತಂದ. ಪುಸ್ತಕದ ಅಳತೆಯನ್ನು ಮೂರು ಮೂರು ಸಲ ಹಿಡಿದ. ಎರಡು ಸೀಟನ್ನೂ ಅವಳಿ ಮಕ್ಕಳ ಹಾಗೆ ಹೊಲಿದ. ಒಂದರಲ್ಲಿ ಹೊಲಿಗೆ ಎಷ್ಟಿದೆಯೋ ಇನ್ನೊಂದರಲ್ಲೂ ಅಷ್ಟೇ. ಸ್ಕ್ರೀನನ್ನು ಕ್ಯಾಸೆಟ್ಟಿನ ಜಾಗದಲ್ಲಿ, ಮರದ ಸಣ್ಣ ಮುಚ್ಚಳದ ಹಿಂದೆ ಅಡಗಿಸಿದ. ಎಡಗಡೆ ಸೀಟಿನ ಎದುರಿನ ಮರದ ಹಲಗೆಯಲ್ಲಿ ಅಂಗೈ ಅಗಲದ ಎರಡು ಬಿಳಿಚಿದ ಕಲೆಗಳಿದ್ದವು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಪಾಲಿಶ್ ಹಚ್ಚಿ ತಿಕ್ಕಿ ಅಳಿಸಿದ.

ಇಪ್ಪತ್ತನೆಯ ತಾರೀಕಿಗೇ ಕೆಲಸ ಮುಗಿದು ಕಾರು ಡಾಕ್ಟರ ಮನೆಯ ಅಂಗಳಕ್ಕೆ ಹೋಯಿತು.

ಕುಸುಮಾವತಿಬಾಯಿ ಹೊರಗೆ ಬಂದರು. ನಾಲ್ಕಡಿ ಹತ್ತಿಂಚು ಎತ್ತರ, ಬಾಚಿದ ಬಿಳಿ ಕೂದಲು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಡಾಕ್ಟರು ರಾಜಕುಮಾರಿಗೆ ತೆರೆಯುವ ಹಾಗೆ ಬಾಗಿಲು ತೆರೆದರು. ಅವರು ಕೂತರು, ಚರ್ಮ ಮುಟ್ಟಿದರು, ಸ್ಕ್ರೀನು ನೋಡಿದರು. "ಭಾಳ ಚಂದ ಆಗೇದ ಜಿನಗಾರ" ಎಂದರು. ಆಮೇಲೆ ಗಂಡನ ಕಡೆ ತಿರುಗಿ ಮೆತ್ತಗೆ ಹೇಳಿದರು: "ಕಾರವಾರಕ್ಕ ನೀವು ಹೋಗಿ ಬರ್ರೀ. ನನಗ ಬ್ಯಾಡ."

ಡಾಕ್ಟರ ಮುಖ ಬಾಡಿತು. ತಿರುಗಿ ಒಳಗೆ ಹೋದರು.

ಯಶವಂತ ಮಾತ್ರ ಒಂದು ವಿಷಯ ಕಂಡಿದ್ದ. ಅಷ್ಟು ಮೆತ್ತನೆಯ ಹೊಸ ಸೀಟಿನಲ್ಲಿ ಬಾಯಾರು ಒರಗಿರಲಿಲ್ಲ. ತುದಿಯಲ್ಲಿ ಕೂತಿದ್ದರು. ಎರಡೂ ಅಂಗೈ ಎದುರಿನ ಹಲಗೆಯ ಮೇಲೆ ಇದ್ದವು. ತಾನು ಅಳಿಸಿದ ಎರಡು ಕಲೆಗಳ ಜಾಗದಲ್ಲೇ.

ಅಂಗಡಿಗೆ ಓಡಿದ. ಹಳೆಯ ಸೀಟುಗಳನ್ನು ಎಳೆದು ತಂದು ಮರದ ಕುದುರೆಯ ಮೇಲಿಟ್ಟ. ಡಾಕ್ಟರ ಸೀಟು ನಡುವೆ ತಗ್ಗು ಬಿದ್ದು, ಬೆನ್ನಿನ ಕಡೆ ನುಣ್ಣಗಾಗಿತ್ತು. ಎಡಗಡೆ ಸೀಟಿನ ಬೆನ್ನು ಈಗ ತಾನೇ ಹೊಲಿದ ಹಾಗಿತ್ತು. ಒಂದು ಗೆರೆ ಇಲ್ಲ, ಒಂದು ಮಡಿಕೆ ಇಲ್ಲ. ಆದರೆ ಮುಂದಿನ ಅಂಚು? ಚರ್ಮ ಬಿರಿದು, ಹೊಲಿಗೆ ಬಾಯಿ ಬಿಟ್ಟು, ಒಳಗಿನ ಸ್ಪಂಜು ಪುಡಿಯಾಗಿತ್ತು. ಇಪ್ಪತ್ತೆಂಟು ವರ್ಷ ಆ ಸೀಟಿನಲ್ಲಿ ಕೂತವರು ಒಂದು ದಿನವೂ ನೆಮ್ಮದಿಯಾಗಿ ಹಿಂದೆ ಒರಗಿ ಕೂತಿರಲಿಲ್ಲ.

"ಅಜ್ಜಾ, ತಪ್ಪಾತು" ಎಂದ ಯಶವಂತ, ಖಾಲಿ ಅಂಗಡಿಯಲ್ಲಿ ಗಟ್ಟಿಯಾಗಿ.

ಮರುದಿನ ಬೆಳಿಗ್ಗೆ ಬಾಗಿಲಿನ ಗುಂಡಿ ಸರಿಮಾಡುವ ನೆಪದಲ್ಲಿ ಹೋದ. ಡಾಕ್ಟರು ವಾಕಿಂಗಿಗೆ ಹೋಗಿದ್ದರು.

"ಬಾಯಾರ, ಒಂದು ಉಪಕಾರ ಮಾಡ್ರಿ. ಸೀಟಿನಾಗ ಪೂರ್ತಿ ಹಿಂದಕ್ಕ ಒರಗ್ರಿ."

ಅವರು ಒರಗಿದರು. ಒರಗಿದೊಡನೆ ಬಾವಿಗಿಳಿದ ಹಾಗೆ ಒಳಗೆ ಇಳಿದುಬಿಟ್ಟರು. ಯಶವಂತ ಸೀಮೆಸುಣ್ಣ ತೆಗೆದು, ಅವರ ಕಣ್ಣಿನ ಮಟ್ಟಕ್ಕೆ ಬಾಗಿಲಿನ ಪಕ್ಕ ಒಂದು ಗೆರೆ ಎಳೆದ.

"ದಾರಿ ಕಾಣಸ್ತದ್ರಿ?"

ಕುಸುಮಾವತಿಬಾಯಿ ಇಲ್ಲವೆಂದು ತಲೆ ಅಲ್ಲಾಡಿಸಿದರು. "ತುದೀಗೆ ಕೂತು ಗೋಣು ಎತ್ತಿದ್ರ ಒಂದೀಟು ಕಾಣಸ್ತಿತ್ತು. ಗಂಟೆಗಟ್ಟಲೆ ಹಂಗ ಕೂಡಾಕ ಆಗತದೇನು? ಸೊಂಟ ಹಿಡಕೊಂಡ್ರ ಒರಗತಿದ್ದೆ. ಒಂದು ಕ್ಷಣ. ಆಗ ಬರೇ ಆಕಾಶ. ಕಂಡಿದ್ದು ಬರಕೋತಿದ್ದೆ. ಅವರಿಗೆ ಹೇಳಬ್ಯಾಡ ಮತ್ತ. ಈ ಕಾರು ಅಂದ್ರ ಜೀವ ಅವರಿಗೆ. ಭಾಳ ಮನಸ್ಸಿಗೆ ಹಚ್ಚಿಕೋತಾರ."

"ನಾ ಹೇಳೂದಿಲ್ರಿ" ಎಂದು ಯಶವಂತ ಮಾತು ಕೊಟ್ಟ.

ಕೊಟ್ಟ ಮಾತು ಉಳಿಸಿಕೊಂಡ. ಡಾಕ್ಟರು ವಾಕಿಂಗ್ ಮುಗಿಸಿ ಬಂದಾಗ ಅವನು ಕೇಳಿದ್ದು ಇಷ್ಟೇ: "ಸರ, ಎಡಗಡೆ ಸೀಟು ಒಮ್ಮಿ ತಪಾಸ ಮಾಡಿ ಕೊಡ್ರಿ."

ಡಾಕ್ಟರು ಕೂತರು. ತಲೆ ಛತ್ತಿಗೆ ತಾಗಿತು.

"ಹಂಗಲ್ರಿ. ನಿಮ್ಮ ಕಣ್ಣು ಈ ಸುಣ್ಣದ ಗೆರೀಗೆ ಬರೂತನಕ ಕೆಳಗ ಸರೀರಿ."

ಡಾಕ್ಟರು ಸರಿದರು. ಮೊಣಕಾಲು ಎದುರಿನ ಹಲಗೆಗೆ ಬಡಿಯಿತು. "ಸಾಕೇನು?"

"ಇನ್ನೂ ಸ್ವಲ್ಪ."

"ಏನು, ಪಾತಾಳಕ್ಕ ಕಳಸಾಂವ ಇದ್ದೀಯೇನು?" ಗೊಣಗುತ್ತಲೇ ಕಾಲು ಮಡಿಸಿ ಗೆರೆಗೆ ಬಂದರು. "ಹೂಂ, ಬಂದೆ. ಏನೀಗ?"

"ಏನು ಕಾಣಸ್ತದ್ರಿ?"

ನಲವತ್ತು ವರ್ಷ ಇದೇ ಪ್ರಶ್ನೆಯನ್ನು ಡಾಕ್ಟರು ಸಾವಿರಾರು ಜನರಿಗೆ ಕೇಳಿದ್ದರು. ಈಗ ಉತ್ತರ ಹೇಳುವ ಸರದಿ ಅವರದು.

"ನೀ ಪಾಲಿಶ್ ಹಚ್ಚಿದ ಹಲಗಿ. ಅದರ ಮ್ಯಾಲೆ ಕರೆಂಟಿನ ತಂತಿ. ತಂತಿ ಮ್ಯಾಲೆ..." ಡಾಕ್ಟರು ಮತ್ತೊಮ್ಮೆ ನೋಡಿ ಮೆಲ್ಲಗೆ ಅಂದರು: "ಮೋಡ."

ಕಾರಿನಿಂದ ಇಳಿದವರು ನೇರವಾಗಿ ಅಡುಗೆಮನೆಗೆ ನಡೆದರು. ಅಲ್ಲಿಯ ಕಿಟಕಿಯಿಂದ ಅವರ ದನಿ ಅಂಗಳಕ್ಕೂ ಕೇಳಿಸಿತು.

"ಕುಸುಮಾ, ನನಗ ಒಮ್ಮಿ ಹೇಳಬಾರದೇನು?"

"ಹೇಳಲಿಕ್ಕೆ ಹೋಗಿದ್ದೆ. ಮೊದಲನೇ ಸಲಾನ ಒಂದು ದಿಂಬು ತಂದಿದ್ದೆ. ಇಂಥಾ ಕಾರಿನಾಗ ದಿಂಬು ಹಾಕ್ಕೊಳ್ಳಾಕ ಇದೇನು ಎತ್ತಿನ ಬಂಡಿ ಏನು ಅಂತ ನಕ್ಕಿರಿ. ನೀವು ಅಷ್ಟು ಖುಷಿಯಾಗಿದ್ರಿ, ನಾನೂ ನಕ್ಕು ತಗದಿಟ್ಟೆ."

"ಆ ದಿಂಬು ಎಲ್ಲದ ಈಗ?"

"ಈಗ ಕೇಳ್ತೀರಿ! ನಮ್ಮ ಬೆಕ್ಕು ಅದರ ಮ್ಯಾಲೆ ಮೂರು ಸಲ ಮರಿ ಹಾಕಿ, ಸತ್ತು, ಹೋಗೂ ಹೋತು."

ಆಮೇಲೆ ಇಬ್ಬರೂ ನಗುವುದು ಕೇಳಿಸಿತು.

ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಯಶವಂತ ತನ್ನ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡ. "ಹಳೇ ಸೀಟು ಮೊದಲ ನೋಡಬೇಕಿತ್ರಿ. ಗಡಿಬಿಡಿಯೊಳಗ ಬಿಟ್ಟೆ. ಈಗ ಎಡಗಡೆ ಸೀಟು ನಾಲ್ಕೂವರಿ ಇಂಚು ಎತ್ತರಸ್ತೀನಿ. ಆದ್ರ ಜೋಡಿ ತಪ್ಪತದ. ನೋಡಿದವ್ರು ಒಂದು ಮ್ಯಾಲೆ ಒಂದು ಕೆಳಗ ಆತು ಅಂತಾರ."

"ಅನ್ನಲಿ ಬಿಡೋ" ಎಂದರು ಡಾಕ್ಟರು. "ನಾನೂ ಆಕೀನೂ ಬಾಜೂಕ ನಿಂತ್ರ ಇನ್ನೇನು ಕಾಣತೀವಿ?"

ಯಶವಂತ ತನ್ನ ಕೈಯಾರೆ ಹೊಲಿದ ಸೀಟನ್ನು ತಾನೇ ಬಿಚ್ಚಿದ. ಅಡಿಯಲ್ಲಿ ತೇಗದ ಚೌಕಟ್ಟು ಕೂಡಿಸಿದ. ಮುಂದಿನ ಅಂಚನ್ನು ಎರಡಿಂಚು ಕಡಿಮೆ ಮಾಡಿ, ಬಾಯಾರ ಮೊಣಕಾಲು ಸರಿಯಾಗಿ ಮಡಿಯುವ ಹಾಗೆ ಮಾಡಿದ. ಕಾಲಿಗೆ ಒಂದು ಸಣ್ಣ ಮಣೆ ಇಟ್ಟ. ಈ ಸಲ ಪುಸ್ತಕ ತೆರೆಯಲಿಲ್ಲ. ಬಾಯಾರನ್ನೇ ಮೂರು ಸಲ ಕೂರಿಸಿ ನೋಡಿದ.

ಇಪ್ಪತ್ತಾರನೆಯ ತಾರೀಕು ಬೆಳಿಗ್ಗೆ ಕುಸುಮಾವತಿಬಾಯಿ ಕಾರು ಹತ್ತಿದರು. ಅಭ್ಯಾಸಬಲದಿಂದ ಅಂಚಿಗೆ ಕೂತರು. ಡಾಕ್ಟರು ಕೀಲಿ ಹಾಕಲಿಲ್ಲ, ಸುಮ್ಮನೆ ಕಾದರು. ಬಾಯಾರು ಒಂದೊಂದೇ ಇಂಚು ಹಿಂದೆ ಸರಿದರು, ಬೆನ್ನು ಒರಗಿಸಿದರು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕಾರು ಹೊರಟಿತು. ಕೊಲ್ಲಾಪುರದವರು ಬೇರೆ ಕಾರು ಹುಡುಕಿಕೊಂಡರು.

ನಾಲ್ಕು ದಿನ ಬಿಟ್ಟು ಬಾಯಾರು ಅಂಗಡಿಗೆ ಬಂದು ನೋಟ್‌ಬುಕ್ಕನ್ನು ಯಶವಂತನ ಮುಂದೆ ಬಿಚ್ಚಿಟ್ಟರು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಫೆಬ್ರುವರಿ 26. ಹಳಿಯಾಳದ ದಾರಿ. ಹೂಬಿಟ್ಟ ಮುತ್ತುಗದ ಮರ ನೂರ ಹನ್ನೊಂದು. ಅಲ್ಲಿಂದ ಮುಂದೆ ಎಣಿಕೆ ತಪ್ಪಿತು. ಮೋಡ: ನೋಡಲಿಲ್ಲ."

ನೀತಿ: ನಮ್ಮವರಿಗಾಗಿ ಏನಾದರೂ ಮಾಡುವ ಮೊದಲು, ಅವರು ಕೂರುವ ಜಾಗದಲ್ಲಿ ಒಮ್ಮೆ ಕೂತು ನೋಡಬೇಕು, ಪ್ರೀತಿ ಎಷ್ಟಿದ್ದರೂ ನಮ್ಮ ಸೀಟಿನಿಂದ ಅವರ ದಾರಿ ನಮಗೆ ಕಾಣುವುದಿಲ್ಲ. ಕೂತವರೂ ಅಷ್ಟೇ, ಕಾಣದಿದ್ದರೆ ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಇಪ್ಪತ್ತೆಂಟು ವರ್ಷ ಅಂಚಿನಲ್ಲಿ ಕೂರಬಾರದು.