ರಂಗೋಲಿ ಹುಡಿಯ ಹೂದೋಟ

ಒಂದಾನೊಂದು ಕಾಲದಲ್ಲಿ, ನಿನ್ನಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಚೆನ್ನಾಜಿ ಅಂತ ಒಬ್ಬ ಹೊಸ ಸೊಸೆ ಇದ್ಲಂತೆ. ರಂಗೋಲಿ ಇಕ್ಕೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ. ಅತ್ತೆ ದ್ಯಾವೀರಮ್ಮ ಕೋಲು ಊರ್ಕೊಂಡು ಓಡಾಡೋ ಮುದುಕಿ, ಬಾಯಿ ಮಾತ್ರ ಬಲು ಜೋರು. ಬಂದ ದಿನವೇ ಬರಡು ಹಿತ್ತಲು ತೋರಿಸಿ, ಮೂರು ವರ್ಷದಲ್ಲಿ ಇದು ಹೂದೋಟ ಆಗ್ಬೇಕು, ಆಗದಿದ್ರೆ ಗಂಟುಮೂಟೆ ಕಟ್ಕೊಂಡು ತವರಿಗೆ ನಡಿ ಅಂದ್ಬಿಟ್ಲಂತೆ. ಗಂಡ ಅಂದ್ರೆ ಜೀವ ಚೆನ್ನಾಜಿಗೆ, ಬಿಟ್ಟು ಹೋಗೋದುಂಟಾ?

ಆಮೇಲೆ ಅವಳು ತನಗೆ ಗೊತ್ತಿದ್ದ ವಿದ್ಯೆನೇ ಹಿಡಿದ್ಲಂತೆ. ನೆಲದ ತುಂಬ ಚುಕ್ಕಿ ಇಟ್ಟು, ಚುಕ್ಕಿಗೊಂದು ಸಸಿ ನೆಟ್ಲು. ಅಟ್ಟದ ಕಿಟಕಿಯಿಂದ ನೋಡಿದ್ರೆ ಥೇಟ್ ರಂಗೋಲಿ. ಮಳೆ ಬಂತು ನೋಡು, ನೀರೆಲ್ಲ ನಡುವಿನ ತಗ್ಗಿಗೇ ಬಂದು ನಿಂತು ಅಷ್ಟೂ ಸಸಿ ಕೊಳೆತುಹೋಯ್ತಂತೆ. ಪಾಪ, ತಲೆ ಮೇಲೆ ಕೈ ಹೊತ್ತು ಕೂತ್ಲು.

ಎರಡನೇ ವರ್ಷ ತಗ್ಗು ತುಂಬಿಸಿ, ಮತ್ತೆ ಚುಕ್ಕಿ ಇಟ್ಟು, ಬಾವಿಗೆ ಹೋಗೋ ದಾರೀನ ಬಳ್ಳಿ ಥರ ಬಳುಕಿಸಿದ್ಲಂತೆ. ಒಂದು ಬೆಳಗ್ಗೆ ಎದ್ದು ನೋಡ್ತಾಳೆ, ಜೀವವೇ ಹಾರಿಹೋಯ್ತು. ತುಂಬಿದ ಕೊಡ ಹೊತ್ತೋರು ಸುತ್ತಿ ಬಳಸಿ ಯಾಕೆ ಬರ್ತಾರೆ? ಮನೆಮಂದಿಯೆಲ್ಲ ಮೊಗ್ಗು ಬಿಟ್ಟ ಸೇವಂತಿಗೇನ ತುಳ್ಕೊಂಡು ನೆಟ್ಟಗೆ ಓಡಾಡಿಬಿಟ್ಟಿದ್ರಂತೆ. ಪುಟ್ಟ ಸಸಿ ಅಂತ ಕಿಟಕಿ ಬುಡದಲ್ಲಿ ನೆಟ್ಟಿದ್ದ ನುಗ್ಗೆ ಬೇರೆ ಆಳೆತ್ತರ ಬೆಳೆದು ಅಡಿಗೆಮನೆಗೆ ಕತ್ತಲೆ ಕವಿಸಿತ್ತು.

ಮೂರನೇ ವರ್ಷ ಆರು ತಿಂಗಳು ಒಂದು ಕಡ್ಡೀನೂ ನೆಡಲಿಲ್ಲ. ದಿನಾ ಬೆಳಗ್ಗೆ ಹಿತ್ತಲ ತುಂಬ ರಂಗೋಲಿ ಹುಡಿ ಉದುರಿಸೋದು, ಸಂಜೆ ಬಗ್ಗಿ ಬಗ್ಗಿ ಹೆಜ್ಜೆ ನೋಡೋದು. ನೆರಳು ಎಲ್ಲಿಗೆ ಸರೀತು, ಬಚ್ಚಲ ನೀರು ಎತ್ತ ಹರೀತು, ಅದಕ್ಕೂ ಗೆರೆ ಎಳೆಯೋದು. ಊರೋರು ದಂಗಾಗಿ, ಸೊಸೆಗೆ ತಲೆ ಕೆಟ್ಟಿದೆ ಅಂದ್ರು. ಅತ್ತೆ, ಗಂಟು ಕಟ್ಕೋ ಅಂದ್ಲು. ಕಾಲು ಒದೀಬೇಡ ಕಂದಾ, ಕತೆ ಕೇಳು.

ಒಂದಿನ ಆ ಹುಡಿಯಲ್ಲಿ ಒಂದು ಗುರುತು ನೋಡಿ ಚೆನ್ನಾಜಿನೇ ಬೆಚ್ಚಿಬಿದ್ಲಂತೆ. ಎರಡು ಹೆಜ್ಜೆ, ಪಕ್ಕದಲ್ಲೊಂದು ಕೋಲಿನ ಚುಕ್ಕಿ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ, ಅತ್ತೆ ಹಿತ್ತಲ ಮೂಲೆಗೆ ಹೋಗಿ, ಸುಡು ಬಿಸಿಲಲ್ಲಿ ಒಬ್ಬಳೇ ನಿಂತು ಬರ್ತಿದ್ಲು. ಚೆನ್ನಾಜಿ ಆ ಹೆಜ್ಜೆ ಹಿಡಿದು ಹೋಗಿ ನಿಂತು ನೋಡ್ತಾಳೆ, ಬೇಲಿಯಾಚೆ ದೂರದಲ್ಲಿ ಅತ್ತೆಯ ತವರೂರಿನ ಗುಡ್ಡ ಕಾಣ್ತಿತ್ತಂತೆ.

ಆಮೇಲೆ ಜನ ನಡೆದಲ್ಲೇ ದಾರಿ ಮಾಡಿ, ಬಚ್ಚಲ ನೀರು ಹರಿದಲ್ಲಿ ಬಾಳೆ ನೆಟ್ಟು, ಬಿಸಿಲಿದ್ದಲ್ಲಿ ಸೇವಂತಿಗೆ ಇಟ್ಟು, ಎತ್ತರ ಬೆಳೆಯೋದನ್ನೆಲ್ಲ ಹಿಂದಕ್ಕೆ, ಬೇಲಿ ಉದ್ದಕ್ಕೂ ಹಾಕಿದ್ಲಂತೆ. ಆ ಮೂಲೆಯಲ್ಲಿ ಮಾತ್ರ ಗುಡ್ಡ ಕಾಣೋ ಹಾಗೆ ಜಾಗ ಬಿಟ್ಟು, ಮಲ್ಲಿಗೆ ಚಪ್ಪರ ಕಟ್ಟಿ, ಅದರ ಕೆಳಗೆ ಕೂರೋಕೆ ಒಂದು ಕಲ್ಲು ಹಾಸಿದ್ಲು.

ಗಡುವಿನ ದಿನ ಅತ್ತೆ ಹೂ ತುಂಬಿದ ಹಿತ್ತಲಿಗೆ ಬಂದು, ಆ ಕಲ್ಲು ನೋಡಿ ಸಿಡಿಲು ಬಡಿದ ಹಾಗೆ ನಿಂತುಬಿಟ್ಲಂತೆ.

ನಿಂಗ್ಯಾರೇ ಹೇಳಿದ್ದು? ಅಂದ್ಲು.

ನಿಮ್ಮ ಕಾಲೇ ಹೇಳ್ತು ಅತ್ತೆ, ಅಂದ್ಲು ಚೆನ್ನಾಜಿ.

ಮುದುಕಿ ಕಲ್ಲಿನ ಮೇಲೆ ಕುಸಿದು ಕೂತು ಕಣ್ಣು ಒರೆಸ್ಕೊಂಡ್ಲು. ಆಮೇಲೆ ಒಂಚೂರು ಸರಿದು, ಪಕ್ಕದಲ್ಲಿ ಜಾಗ ಮಾಡಿ, ನಿನ್ನ ತವರು ಯಾವ ಕಡೆ ಮಗಾ, ತೋರ್ಸು ಅಂತ ಕೇಳಿದ್ಲಂತೆ.

ಅವರಿಬ್ಬರೂ ಆ ಕಲ್ಲಿನ ಮೇಲೆ ತಣ್ಣಗಿದ್ರು, ನಾವಿಬ್ಬರೂ ಈ ಚಾಪೆ ಮೇಲೆ ಬೆಚ್ಚಗಿದೀವಿ. ಕತೆ ಮುಗೀತು, ಹೊದ್ಕೊಂಡು ಮಲ್ಕೋ.